ಪರೇಲಿನ ಅರಮನೆಯಲ್ಲಿ ಹಾಫ್ಕಿನರು

ಮುಂಬಯಿಯ ಪರೇಲನ್ನು ಗಿರಣಿಗಳ ಚಿಮಣಿಗಳಿಂದಲೂ ದೊಡ್ಡ ಆಸ್ಪತ್ರೆಗಳಿಂದಲೂ ಗುರುತಿಸಿ ಬಲ್ಲ ನಮಗೆ, ಒಂದಾನೊಂದು ಕಾಲದಲ್ಲಿ ಅದು ಕೋಟೆಯ ಗದ್ದಲಕ್ಕೆ ದೂರವಾಗಿ ಗಿಡಮರಗಳ ನಡುವೆ ಇದ್ದ ಗ್ರಾಮವಾಗಿತ್ತೆಂದೂ, ಮುಂಬಯಿಯ ಗವರ್ನರರು ನಗರದ ಸೆಕೆಯನ್ನೂ ದುರ್ವಾಯುವನ್ನೂ ತಪ್ಪಿಸಿಕೊಂಡು ಆರೋಗ್ಯವಾಗಿರುವುದಕ್ಕೋಸ್ಕರವೇ ಅಲ್ಲಿ ಬಂದು ವಾಸಮಾಡುತ್ತಿದ್ದರೆಂದೂ ಹೇಳಿದರೆ ಒಮ್ಮೆಗೆ ನಂಬಿಕೆ ಬರಲಾರದು. ಆದರೆ ಪರೇಲಿನ ಪ್ರಾಚೀನತೆ ಅದಕ್ಕೂ ಬಹಳ ಹಿಂದಿನದು. 1931ರಲ್ಲಿ ರಸ್ತೆಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಅಲ್ಲಿ ದೊರೆತ ಶಿವನ ಭವ್ಯವಾದ ಶಿಲಾಮೂರ್ತಿಯು ಕ್ರಿಸ್ತಶಕದ ಐದಾರನೆಯ ಶತಮಾನಗಳಷ್ಟು ಹಳೆಯದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಪೋರ್ಚುಗೀಸರ ಆಳಿಕೆಯಲ್ಲಿ ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೂ ಪ್ರಾರ್ಥನಾಮಂದಿರವೂ ಎದ್ದುವು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲಿಷರು ಅದನ್ನು ಜೆಸುಯಿಟ್ ಪಾದ್ರಿಗಳ ಕೈಯಿಂದ ಕಿತ್ತುಕೊಂಡರು. ಅದೇ ಶತಮಾನದ ಉತ್ತರಾರ್ಧದಲ್ಲಿ ಹಾರ್ನ್‌ಬಿಯೆಂಬ ಗವರ್ನರನ ಕಾಲದಿಂದ ಅದು ಪ್ರಾಂತದ ಅಧಿಪತಿಗಳ ಸ್ಥಿರನಿವಾಸವಾಯಿತು. ದೇವರ ಸನ್ನಿಧಿಯಾಗಿದ್ದ ಕಮಾನಿನ ಮಂದಿರದಲ್ಲಿ ಔತಣಗಳೂ ನರ್ತನಗಳೂ ನಡೆದುವು.

ಈ ವೈಭವವು ನೂರು ವರ್ಷಕ್ಕೂ ಮಿಕ್ಕಿ ನಡೆದು, 1882ರಲ್ಲಿ ಒಂದು ದುಃಖದಲ್ಲಿ ಕೊನೆಗೊಂಡಿತು. ಅಂದಿನ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ನರ ಪತ್ನಿಯು ಈ ಮನೆಯಲ್ಲಿಯೇ ಕಾಲರಾ ರೋಗಕ್ಕೆ ತುತ್ತಾದಳು. ಅಷ್ಟು ಹೊತ್ತಿಗಾಗಲೇ ಸುತ್ತಮುತ್ತ ಗಿರಣಿಗಳೆದ್ದು, ಕೆಲಸಗಾರರ ಚಾಳುಗಳು ದಟ್ಟವಾಗಿ ಹಬ್ಬಿ, ಗಾಳಿಯೂ ನೀರೂ ಕೆಟ್ಟಿದ್ದುವು. ಗವರ್ನರರು ಸಮುದ್ರದ ದಡದ ಮಲಬಾರ್ ಪಾಯಿಂಟಿಗೆ ಹೊರಟುಹೋದರು. ಆರೋಗ್ಯಧಾಮವೆಂದು ಹೆಸರಾಗಿದ್ದ ಪರೇಲು ಇದೀಗ ರೋಗಭೂಮಿಯಾಗಿ, ಆ ದೊಡ್ಡ ಮನೆ ತಕ್ಕ ಒಡೆಯನಿಲ್ಲದೆ ಉಳಿಯಿತು. ಮುಂದೆ ಹದಿನೇಳು ವರ್ಷಗಳ ತರುವಾಯ ಆ ಮನೆಗೆ ಬಂದವನು ಗವರ್ನರನಲ್ಲ, ಪಾದ್ರಿಯೂ ಅಲ್ಲ. ರಷ್ಯಾ ದೇಶದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಪಳಗಿ, ಇಂಡಿಯಾದ ಹಳ್ಳಿಗಳಲ್ಲಿ ಕಲ್ಲಿನ ಏಟು ತಿಂದಿದ್ದ ಒಬ್ಬ ಯೆಹೂದಿ ವಿಜ್ಞಾನಿ. ಆತನ ಮತ್ತು ಈ ಮನೆಯ ಸಂಬಂಧದ ಕಥೆಯು ನಮ್ಮ ಹುಬ್ಬಳ್ಳಿ ಧಾರವಾಡಗಳ ಕಥೆಯೂ ಆಗಿರುವುದರಿಂದ, ಕನ್ನಡಿಗರು ಅದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕೆಂದು ನನ್ನ ಆಸೆ.

ವಾಲ್ಡೆಮಾರ್ ಹಾಫ್ಕಿನರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪ್ರಾಣಿಶಾಸ್ತ್ರವನ್ನು ಬೋಧಿಸಿದವರು, ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಇಲ್ಯಾ ಮೆಚ್ನಿಕಾಫ್. ಯೆಹೂದ್ಯರ ಮೇಲೆ ಪದೇ ಪದೇ ದೊಂಬಿಗಳು ನಡೆಯುತ್ತಿದ್ದ ಆ ಕಾಲದಲ್ಲಿ ತಮ್ಮವರ ರಕ್ಷಣೆಗಾಗಿ ಕೂಡಿದ ತರುಣರ ದಳವನ್ನು ಹಾಫ್ಕಿನರು ಸೇರಿದರು, ಸೆರೆಯನ್ನೂ ಕಂಡರು. ಸ್ವಧರ್ಮವನ್ನು ತೊರೆದು ರಷ್ಯಾದ ಝಾರ್ ದೊರೆಯ ಮತವನ್ನು ಸ್ವೀಕರಿಸಿದರೆ ಅಧ್ಯಾಪಕವೃತ್ತಿ ದೊರೆಯುವುದೆಂಬ ಸೂಚನೆ ಬಂದಾಗ ಅವರು ಒಪ್ಪಲಿಲ್ಲ. ಜಿನೀವಾಕ್ಕೆ ಹೋದರು, ಅಲ್ಲಿಂದ 1889ರಲ್ಲಿ ಪ್ಯಾರಿಸಿಗೆ ಬಂದು, ಪಾಸ್ತರ್ ಸಂಸ್ಥೆಯಲ್ಲಿ ಬೇರೆ ಯಾವ ಹುದ್ದೆಯೂ ಖಾಲಿಯಿರದಿದ್ದುದರಿಂದ ಗ್ರಂಥಭಂಡಾರದ ಸಹಾಯಕರಾಗಿ ನಿಂತರು. ಹಗಲೆಲ್ಲ ಪುಸ್ತಕಗಳ ಕೆಲಸ. ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕ. ಮೂರು ವರ್ಷಗಳಲ್ಲಿ ಕಾಲರಾ ರೋಗಕ್ಕೆ ಲಸಿಕೆಯೊಂದನ್ನು ಸಿದ್ಧಪಡಿಸಿ, 1892ರ ಜುಲೈ 18ರಂದು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು.

ಈ ಕ್ರಮ ಅವರ ಬಾಳಿನ ಉದ್ದಕ್ಕೂ ನಿಂತಿತು. ಪರರಿಗೆ ಕೊಡುವುದನ್ನು ತಾನು ಮೊದಲು ಸೇವಿಸಿ ತೋರಿಸತಕ್ಕದ್ದೆಂಬುದು ಅವರಿಗೆ ಬರಿಯ ನೀತಿಯಾಗಿರದೆ ವೈಜ್ಞಾನಿಕ ವಿಧಿಯ ಒಂದು ಅಂಗವೇ ಆಗಿತ್ತು. 1893ರ ಮಾರ್ಚ್‌ನಲ್ಲಿ ಇಂಡಿಯಾಕ್ಕೆ ಬಂದು, ಕಲ್ಕತ್ತೆಯ ಬಸ್ತಿಗಳಲ್ಲಿ, ಉತ್ತರದ ಊರುಗಳಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ಸುತ್ತಿದಾಗಲೂ, ಹಿಂಜರಿದು ನಿಂತ ಜನರ ಕಣ್ಣೆದುರಿಗೆ ಮೊದಲ ಸೂಜಿಯನ್ನು ತಮ್ಮ ಮೇಲೆಯೋ ತಮ್ಮ ಜತೆಯ ವೈದ್ಯರ ಮೇಲೆಯೋ ಪ್ರಯೋಗಿಸುತ್ತಿದ್ದರು. ಲಸಿಕೆ ಹಾಕಿದವರನ್ನೂ ಹಾಕದವರನ್ನೂ ಒಂದೇ ಮನೆಯಲ್ಲಿ, ಒಂದೇ ನೀರನ್ನು ಕುಡಿಯುವವರ ನಡುವೆ ಹೋಲಿಸಿ ನೋಡಬೇಕೆಂಬ ಅವರ ಹಟವು ಅಂದಿನ ವೈದ್ಯಲೋಕಕ್ಕೆ ಹೊಸದು. ಅವರು ವೈದ್ಯರೂ ಆಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿಗಳ ಸಾಲಿನಲ್ಲಿ ಈ ಪ್ರಾಣಿಶಾಸ್ತ್ರಜ್ಞನು, ಈ ಪರದೇಶಿಯು, ಎಂದೂ ಒಳಗಿನವನಾಗಲಿಲ್ಲ. ಅದರ ಫಲವನ್ನು ಮುಂದೆ ಕಾಣುವೆವು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ, ಧಾನ್ಯದ ಉಗ್ರಾಣಗಳು ಒತ್ತಾಗಿದ್ದ ಆ ಓಣಿಗಳಲ್ಲಿ, ಮೊದಲು ಇಲಿಗಳು ಸತ್ತು ಬಿದ್ದುವು. ತರುವಾಯ ಜ್ವರ ಬಂದು ತೊಡೆಯ ಸಂದಿಯಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಕಟ್ಟಿ ಮನುಷ್ಯರು ಸತ್ತರು. ಇದು ಪ್ಲೇಗೆಂದು ಗುರುತಿಸಿ ಹೇಳುವ ಧೈರ್ಯವನ್ನು ತೋರಿದವರು ಗೋವೆಯ ಮೂಲದ ವೈದ್ಯರಾದ ಡಾಕ್ಟರ್ ಅಕಾಸಿಯೋ ವಿಯೇಗಸರು. ಎಂಟು ಲಕ್ಷಕ್ಕೂ ಹೆಚ್ಚು ಜನವಿದ್ದ ನಗರದಿಂದ ಆ ಚಳಿಗಾಲ ಕಳೆಯುವುದರೊಳಗೆ ಹೆಚ್ಚುಕಡಮೆ ಅರ್ಧಾಂಶ ಜನ ಹೊರಟುಹೋದರು. ಗಿರಣಿಗಳು ಆಳಿಲ್ಲದೆ ಸೊರಗಿದುವು. ಹೊರಟವರೊಡನೆ, ಅವರ ಮೂಟೆಗಳೊಡನೆ, ರೋಗವೂ ರೈಲನ್ನೇರಿತು.

ಸರಕಾರವು ತನ್ನ ಕಡೆಯಿಂದ ಮಾಡಿದ್ದೇನು? ಮನೆಗಳನ್ನು ಶೋಧಿಸಿ ರೋಗಿಗಳನ್ನು ಎಳೆದೊಯ್ಯುವುದು, ಮನೆಯವರನ್ನು ಬೇರ್ಪಡಿಸಿ ಶಿಬಿರಗಳಿಗೆ ಕಳುಹುವುದು, ಗೋಡೆಗಳಿಗೆ ಸುಣ್ಣ ಬಳಿದು ಚರಂಡಿಗಳಿಗೆ ಔಷಧದ ನೀರು ಸುರಿಯುವುದು, ರೈಲ್ವೆ ನಿಲ್ದಾಣಗಳಲ್ಲಿ ಸ್ತ್ರೀಪುರುಷರ ಕಂಕುಳನ್ನು ಮುಟ್ಟಿ ನೋಡುವುದು. 1897ರ ಫೆಬ್ರವರಿಯಲ್ಲಿ ಇದಕ್ಕೆಲ್ಲ ಕಾಯಿದೆಯ ಬಲವೂ ಬಂದಿತು. ಆಸ್ಪತ್ರೆಗೆ ಹೋದವನು ಹಿಂದಿರುಗಿ ಬಾರನೆಂಬ ಭಯದಿಂದ 1896ರ ಅಕ್ಟೋಬರ್ ತಿಂಗಳಲ್ಲಿಯೇ ಸುಮಾರು ಸಾವಿರ ಮಂದಿ ಗಿರಣಿ ಕೆಲಸಗಾರರು ಪರೇಲಿಗೆ ಅನತಿದೂರದಲ್ಲಿರುವ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಏರಿಹೋಗಿದ್ದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನು 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ರೋಗದ ಭಯಕ್ಕಿಂತ ರೋಗನಿವಾರಣೆಯ ಭಯವೇ ಜನರಲ್ಲಿ ಹೆಚ್ಚಾಗಿದ್ದ ಈ ಹೊತ್ತಿನಲ್ಲಿ, ಬೇರೊಂದು ದಾರಿಯನ್ನು ಹಿಡಿದು ನಿಂತವರು ಹಾಫ್ಕಿನರೊಬ್ಬರೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಕಲ್ಕತ್ತೆಯಿಂದ ಕರೆಸಲ್ಪಟ್ಟ ಅವರು 1896ರ ಅಕ್ಟೋಬರ್ 7ರಂದು ಮುಂಬಯಿಯನ್ನು ಸೇರಿದರು. ಅವರಿಗೆ ದೊರೆತ ಪ್ರಯೋಗಾಲಯವೆಂದರೆ ಬೈಕಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ ಮತ್ತು ಅದರ ಪಕ್ಕದ ಪಡಸಾಲೆ. ಪರಿವಾರವೆಂದರೆ ಒಬ್ಬ ಗುಮಾಸ್ತನೂ ಮೂವರು ಜವಾನರೂ. ಪ್ಲೇಗಿನ ಸೂಕ್ಷ್ಮಜೀವಿಯನ್ನು ಹಾಂಕಾಂಗಿನಲ್ಲಿ ಯೆರ್ಸಿನ್ ಮತ್ತು ಕಿಟಸಾಟೊ ಎಂಬ ಇಬ್ಬರು ಕಂಡು ಹಿಡಿದು ಆಗ ಎರಡೇ ವರ್ಷ ಕಳೆದಿತ್ತು. ಆ ಜೀವಿಯನ್ನು ಹೇರಳವಾಗಿ ಬೆಳಸಿ, ಕೊಂದು, ಅದರ ಸಾರವನ್ನು ಮನುಷ್ಯನ ಮೈಗೆ ಸೇರಿಸಿದರೆ ಜೀವಂತ ರೋಗವು ಬಂದಾಗ ಮೈ ಅದನ್ನು ತಡೆಯಬಲ್ಲದೆಂಬುದು ಹಾಫ್ಕಿನರ ತರ್ಕ. ಬೆಳಸುವ ಬಗೆಯೇ ಇಲ್ಲಿನ ಚಮತ್ಕಾರವಾದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಗಾಜಿನ ದೊಡ್ಡ ಬುರುಡೆಗಳಲ್ಲಿ ಮಾಂಸದ ತಿಳಿಸಾರನ್ನು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಬಿಡುತ್ತಿದ್ದರು. ಪ್ಲೇಗಿನ ಜೀವಿಗಳು ಆ ತುಪ್ಪವನ್ನು ಆಶ್ರಯಿಸಿ, ಅದರ ಅಡಿಯಿಂದ ಸಾರಿನೊಳಕ್ಕೆ, ಗುಹೆಯ ಮಾಳಿಗೆಯಿಂದ ಸುಣ್ಣದ ಕೊಳವಿಗಳು ಇಳಿಯುವಂತೆ, ಬೆಳ್ಳಗೆ ನವುರಾಗಿ ಜೋತು ಬೀಳುತ್ತಿದ್ದುವು. ಬುರುಡೆಯನ್ನು ಮೆಲ್ಲಗೆ ಕುಲುಕಿದರೆ ಆ ಎಳೆಗಳೆಲ್ಲ ಕಳಚಿ ತಳಕ್ಕೆ ಇಳಿಯುವುವು; ಕೆಲವು ದಿನಗಳಲ್ಲಿ ತುಪ್ಪದಡಿಯಲ್ಲಿ ಹೊಸ ಎಳೆಗಳು ಮೂಡುವುವು. ಹೀಗೆ ಐದಾರು ವಾರ ಬೆಳೆಯಿಸಿ, ತರುವಾಯ 65ರಿಂದ 70 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ಗಂಟೆಯ ಕಾಲ ಇಟ್ಟು ಜೀವಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಬೆರಸಿ ಸೀಸೆಗಳಿಗೆ ತುಂಬಿದರೆ ಲಸಿಕೆ ಸಿದ್ಧವಾಯಿತು. ಸಾರು ಯಾವ ಮಾಂಸದ್ದೆಂಬುದೂ ಗಮನಾರ್ಹ. ಯೂರೋಪಿನ ಪ್ರಯೋಗಾಲಯಗಳಲ್ಲಿ ರೂಢಿಯಾಗಿದ್ದ ಗೋಮಾಂಸವನ್ನು ಹಾಫ್ಕಿನರು ಬಿಟ್ಟು, ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಉಪಯೋಗಿಸಿದರು. ಹಿಂದುವಿಗೂ ಮುಸಲ್ಮಾನನಿಗೂ ತಮ್ಮ ಮದ್ದಿನಿಂದ ಧರ್ಮಸಂಕಟವಾಗಬಾರದೆಂದು ಯೋಚಿಸಿದರು. ಸ್ವಧರ್ಮಕ್ಕಾಗಿ ಪದವಿಯನ್ನು ಬಿಟ್ಟು ಬಂದ ಮನುಷ್ಯನಿಗೆ ಪರರ ಧರ್ಮದ ಸೂಕ್ಷ್ಮವು ಹೀಗೆ ತಾನಾಗಿ ತಿಳಿಯಿತೆಂದು ನನಗೆ ತೋರುತ್ತದೆ.

1897ರ ಜನವರಿ 10ರಂದು, ಮೊಲಗಳ ಮೇಲೆ ಪ್ರಯೋಗ ಫಲಿಸಿ ಒಂದು ತಿಂಗಳು ಕಳೆಯುವಷ್ಟರಲ್ಲಿ, ಹಾಫ್ಕಿನರು 10 ಘನ ಸೆಂಟಿಮೀಟರ್ ಲಸಿಕೆಯನ್ನು ತಮಗೆ ಚುಚ್ಚಿಸಿಕೊಂಡರು. ಮುಂದೆ ಜನಕ್ಕೆ ಕೊಡಬೇಕಾದ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚು. ಜ್ವರವೂ ನೋವೂ ಬಂದುವು. ಅವರು ತಮ್ಮ ಕೆಲಸವನ್ನು ಬಿಡಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಬೈಕಲಾದ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಳ್ಳಲು, ಅಲ್ಲಿನ ಕೈದಿಗಳಲ್ಲಿ ಒಪ್ಪಿದ ಸುಮಾರು ಅರ್ಧ ಮಂದಿಗೆ ಲಸಿಕೆ ಹಾಕಿದರು. ಉಳಿದ ಅರ್ಧ ಮಂದಿಯಲ್ಲಿ ರೋಗವೂ ಸಾವೂ ಕಾಣಿಸಿಕೊಂಡುವು. ಚುಚ್ಚಿಸಿಕೊಂಡವರಲ್ಲಿ ರೋಗ ಬಂದವರು ಅತ್ಯಲ್ಪ. ಒಂದೇ ಗೋಡೆಯ ಒಳಗೆ, ಒಂದೇ ಅನ್ನವನ್ನು ಉಣ್ಣುವವರಲ್ಲಿ ಕಂಡ ಈ ವ್ಯತ್ಯಾಸವು ಲಸಿಕೆಯ ಗುಣಕ್ಕೆ ಮೊದಲ ಸಾಕ್ಷಿಯಾಯಿತು. ಆಗಿನ್ನೂ ಇಪ್ಪತ್ತರ ಹರೆಯದ ಆಗಾ ಖಾನರು ತಮ್ಮ ಖೋಜಾ ಸಮಾಜದವರ ಎದುರಿನಲ್ಲಿ ತಾವೇ ಮೊದಲು ಲಸಿಕೆಯನ್ನು ಹಾಕಿಸಿಕೊಂಡು ಸಾವಿರಾರು ಮಂದಿಯ ಅಂಜಿಕೆಯನ್ನು ಕಳೆದರು. ಪ್ರಯೋಗಾಲಯಕ್ಕಾಗಿ ತಮ್ಮ ಖುಶ್ರೂ ಲಾಜ್ ಎಂಬ ಬಂಗಲೆಯನ್ನೂ ಬಿಟ್ಟುಕೊಟ್ಟರು.

ಇತ್ತ ರೋಗವು ಸದರ್ನ್ ಮರಾಠಾ ರೈಲ್ವೆಯ ದಾರಿ ಹಿಡಿದು ಧಾರವಾಡ ಜಿಲ್ಲೆಗೆ ಇಳಿಯಿತು. ಮುಂಬಯಿ ಪ್ರಾಂತದ ದಕ್ಷಿಣ ಭಾಗದಲ್ಲಿದ್ದ ಆ ಜಿಲ್ಲೆಯಲ್ಲಿ ಹುಬ್ಬಳ್ಳಿ ದೊಡ್ಡ ಪೇಟೆ. ಹತ್ತಿಯ ವ್ಯಾಪಾರ, ನೂಲಿನ ಗಿರಣಿ, ರೈಲ್ವೆಯ ಕಾರ್ಖಾನೆ, ಸುತ್ತಣ ಹಳ್ಳಿಗಳಿಂದ ನಿತ್ಯವೂ ಬಂದುಹೋಗುವ ಜನ. 1898ರಲ್ಲಿ ಅಲ್ಲಿ ಇಲಿ ಬಿತ್ತು. ಕನ್ನಡನಾಡಿನ ಹಿಂದಿನ ತಲೆಮಾರಿನ ಹಿರಿಯರಿಗೆ ಈ ಎರಡು ಮಾತುಗಳ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ. ಮನೆಯಲ್ಲಿ ಇಲಿ ಬಿದ್ದ ಕೂಡಲೆ ಹಾಸಿಗೆ ಪಾತ್ರೆಗಳನ್ನು ಕಟ್ಟಿಕೊಂಡು, ದನಕರುಗಳನ್ನು ಅಟ್ಟಿಕೊಂಡು, ಊರ ಹೊರಗಿನ ಹೊಲಗಳಲ್ಲಿ ಗುಡಿಸಿಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದುದನ್ನು ಅವರು ಬಾಲ್ಯದಲ್ಲಿ ಕಂಡವರು. ಪ್ಲೇಗಮ್ಮನೆಂಬ ಹೊಸ ದೇವತೆಗೆ ಗುಡಿ ಕಟ್ಟಿ ಹರಕೆ ಹೊತ್ತವರ ಮಕ್ಕಳು.

ಹುಬ್ಬಳ್ಳಿಯಲ್ಲಿ ನಡೆದ ಲಸಿಕೆಯ ಕೆಲಸದಷ್ಟು ವಿಸ್ತಾರವಾದುದು ಅದುವರೆಗೆ ಜಗತ್ತಿನಲ್ಲಿ ಬಹಳ ಕಡೆ ನಡೆದಿರಲಿಲ್ಲ. ಲ್ಯೂಮನ್ ಎಂಬ ಸೈನ್ಯದ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ 1898ರ ಮೇ ತಿಂಗಳಿನಿಂದ ಮೊದಲಾಗಿ, ಸುಮಾರು ಐವತ್ತು ಸಾವಿರ ಜನವಿದ್ದ ಆ ಪಟ್ಟಣದಲ್ಲಿ, ಸೆಪ್ಟೆಂಬರು ಕಳೆಯುವುದರೊಳಗೆ ಮೂವತ್ತೆಂಟು ಸಾವಿರದಷ್ಟು ಮಂದಿ ಲಸಿಕೆಯನ್ನು ಹಾಕಿಸಿಕೊಂಡರು. ಬಹುಮಂದಿ ಎರಡೆರಡು ಸಲ. ಜಿಲ್ಲೆಯಲ್ಲಿ ಹೀಗೆ ಲಸಿಕೆ ಹಾಕಲು ಬಂದವರಲ್ಲಿ ಮಿಸ್ ಕಾರ್ಥಾರ್ನ್ ಎಂಬ ಇಂಗ್ಲಿಷ್ ವೈದ್ಯೆಯೂ ಒಬ್ಬಳು. ಪರಪುರುಷರೆದುರು ತೋಳು ಚಾಚಲು ನಾಚುತ್ತಿದ್ದ ಗೃಹಿಣಿಯರಿಗೆ ಹೆಣ್ಣೊಬ್ಬಳು ಬಂದುದರಿಂದ ಎಷ್ಟು ಸಮಾಧಾನವಾಗಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಚುಚ್ಚಿಸಿಕೊಂಡವನಿಗೆ ಒಂದೆರಡು ದಿನ ತೋಳು ಊದಿ ಜ್ವರ ಬರುತ್ತಿತ್ತು. ದಿನಗೂಲಿಯವನಿಗೆ ಆ ಎರಡು ದಿನಗಳ ಕೂಲಿ ಹೋಯಿತು. ಆದರೂ ಜನ ಬಂದರು.

ಅವರೆಲ್ಲರೂ ಲಸಿಕೆಯಲ್ಲಿ ವಿಶ್ವಾಸವುಂಟಾಗಿಯೇ ಬಂದರೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾಗುತ್ತದೆ. ಲಸಿಕೆಯ ಚೀಟಿಯುಳ್ಳವರಿಗೆ ಶಿಬಿರವಾಸದಿಂದಲೂ ರೈಲ್ವೆಯ ತಡೆಗಟ್ಟಿನಿಂದಲೂ ವಿನಾಯಿತಿ ದೊರೆಯುತ್ತಿದ್ದುದುಂಟು. ಸೂಜಿಯ ನೋವಿಗಿಂತ ಶಿಬಿರದ ನೋವು ದೊಡ್ಡದೆಂದು ಎಣಿಸಿ ತೋಳು ಚಾಚಿದವರೂ ಅನೇಕರಿರಬೇಕು. ಮುಂದೆ ಇಲ್ಲಿಗೆ ವಿಚಾರಣೆಗಾಗಿ ಬಂದ ಇಂಡಿಯನ್ ಪ್ಲೇಗ್ ಕಮಿಷನ್ನಿನವರು ಅಂಕಿಗಳ ಲೆಕ್ಕದಲ್ಲಿ ಕೆಲವು ದೋಷಗಳನ್ನು ತೋರಿಸಿದರೂ, ಲಸಿಕೆಯು ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸಿತೆಂಬುದನ್ನು ಒಪ್ಪಿದರು. ಹುಬ್ಬಳ್ಳಿಯಿಂದ ರೋಗವು ರೈಲಿನಲ್ಲಿಯೇ ಬೆಂಗಳೂರಿಗೆ ಹೋದುದು, ಅಲ್ಲಿ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನ ಬಸವನಗುಡಿ ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿದುದು, ಇವೆಲ್ಲ ಬೇರೆಯೇ ಒಂದು ಕಥೆ.

ಹುಬ್ಬಳ್ಳಿಯ ಬೇಡಿಕೆಯೇ ಮೊದಲಾಗಿ, ದೇಶದ ನಾನಾ ಕಡೆಗಳಿಂದ ಬಂದ ಬೇಡಿಕೆಗೆ ಬಂಗಲೆಯೊಂದು ಸಾಲದಾಯಿತು. ಆಗ ಸರಕಾರಕ್ಕೆ ಪರೇಲಿನ ಹಳೆಯ ಅರಮನೆಯ ನೆನಪಾಯಿತು. 1899ರ ಆಗಸ್ಟ್ 10ರಂದು ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟರು ಅಲ್ಲಿ ಪ್ಲೇಗ್ ಸಂಶೋಧನಾಲಯವನ್ನು ಪ್ರಾರಂಭಿಸಿದರು. ಹಾಫ್ಕಿನರು ಅದರ ಮುಖ್ಯ ನಿರ್ದೇಶಕರಾದರು. ಗವರ್ನರನ ಪತ್ನಿಯನ್ನು ಕಾಲರಾ ಬಲಿ ತೆಗೆದುಕೊಂಡಿದ್ದ ಮನೆಗೆ, ಕಾಲರಾದ ಲಸಿಕೆಯನ್ನು ಮೊದಲು ತನ್ನ ಮೇಲೆಯೇ ಪರೀಕ್ಷಿಸಿಕೊಂಡಿದ್ದ ಮನುಷ್ಯನು ಒಡೆಯನಾಗಿ ಬಂದನು. ಗ್ರಾಂಟ್ ಕಾಲೇಜಿನ ಪಡಸಾಲೆಯಿಂದ ಮೂರು ವರ್ಷಗಳಲ್ಲಿ ಇಲ್ಲಿಗೆ ತಲಪಿದ್ದ ಹಾಫ್ಕಿನರ ಸುತ್ತ ಈಗ ನುರಿತ ಕೆಲಸಗಾರರ ದೊಡ್ಡ ಬಳಗವಿತ್ತು. ಸಾಲುಸಾಲಾಗಿ ಬುರುಡೆಗಳು, ಶಾಖದ ಪೆಟ್ಟಿಗೆಗಳು, ಸೀಸೆಗಳನ್ನು ತೊಳೆಯುವವರು, ತುಂಬುವವರು, ಮೊಹರು ಹಾಕುವವರು. ಪ್ರತಿಯೊಂದು ಸೀಸೆಗೂ ಅಂಕಿತವಿದ್ದು, ಅದರ ಜನ್ಮದಿನದಿಂದ ಎಲ್ಲ ವಿವರವೂ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಜಗತ್ತಿನ ಅತ್ಯಂತ ದೊಡ್ಡ ಲಸಿಕಾಗಾರಗಳಲ್ಲಿ ಒಂದು ಹೀಗೆ ಮುಂಬಯಿಯ ಗಿರಣಿಗಳ ಹೊಗೆಯ ನಡುವೆ ಬೆಳೆಯಿತು. 1897ರಿಂದ 1925ರವರೆಗೆ ಈ ಸಂಸ್ಥೆಯಿಂದ ಹೊರಗೆ ಹೋದ ಪ್ಲೇಗ್ ಲಸಿಕೆಯ ಪ್ರಮಾಣವು ಎರಡೂವರೆ ಕೋಟಿ ಮಂದಿಗೆ ಸಾಕಾಗುವಷ್ಟು ಎಂದು ಲೆಕ್ಕವಿದೆ.

ಇನ್ನು ಹೇಳಬೇಕಾದುದು ಕಷ್ಟದ ಮಾತು. 1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಭೀಕರವಾಗಿ ಹಬ್ಬಲು, ಅಲ್ಲಿನ ಸರಕಾರವು ಲಕ್ಷಗಟ್ಟಲೆ ಲಸಿಕೆಯನ್ನು ತ್ವರೆಯಿಂದ ಕಳುಹಬೇಕೆಂದು ಕೇಳಿತು. ಆರು ವಾರ ಬೆಳಸುವಷ್ಟು ಕಾಲವಿಲ್ಲದೆ, ಹಾಫ್ಕಿನರು ಸಾರಿಗೆ ಬದಲಾಗಿ ಅಗರ್ ಎಂಬ ಗಟ್ಟಿ ಪದಾರ್ಥದ ಮೇಲೆ ಬೆಳಸುವ ವೇಗದ ಕ್ರಮವನ್ನು ಕೈಗೊಂಡರು. ಶಾಖದಿಂದಲೇ ಶುದ್ಧಿಯಾಗುವುದೆಂಬ ಭರವಸೆಯಿಂದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟರು. ಅಕ್ಟೋಬರ್ 30ರಂದು ಮಲ್ಕೋವಾಲವೆಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 53-ಎನ್ ಎಂಬ ಅಂಕಿತದ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿಯೂ ಧನುರ್ವಾಯು ತಗುಲಿ ಸತ್ತರು. ಬೇರೆ ಸೀಸೆಗಳವರಿಗೆ ಏನೂ ಆಗಲಿಲ್ಲ.

ಆ 19 ಮಂದಿಯ ಸಾವನ್ನು ಹಗುರಾಗಿ ಕಾಣಬೇಕೆಂದು ನಾನು ಹೇಳುವುದಿಲ್ಲ. ಅವರು ಸರಕಾರದ ಮಾತನ್ನು ನಂಬಿ ತೋಳು ಚಾಚಿದವರು. ಕಾರಣವನ್ನು ಹುಡುಕುವುದು ಕರ್ತವ್ಯವೇ ಆಗಿತ್ತು. ಆದರೆ ಹುಡುಕಿದ ಬಗೆ ನ್ಯಾಯವಾದುದಾಗಿರಲಿಲ್ಲ. ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯ ಸಮಿತಿಯು, ಸೀಸೆಯನ್ನು ತೆರೆಯುವುದಕ್ಕಿಂತ ಮುಂಚೆಯೇ, ಎಂದರೆ ಪರೇಲಿನಲ್ಲಿಯೇ, ವಿಷವು ಸೇರಿತೆಂದು ತೀರ್ಮಾನಿಸಿತು. ಹಾಫ್ಕಿನರನ್ನು ಅಧಿಕಾರದಿಂದ ಇಳಿಸಿದರು. ಅವರು 1904ರಲ್ಲಿ ದೇಶವನ್ನು ಬಿಟ್ಟು ಲಂಡನ್ನಿಗೆ ಹೋದರು.

ಆದರೆ ಮಲ್ಕೋವಾಲದಲ್ಲಿ ನಡೆದುದೇನು? ಅಲ್ಲಿ ಸೀಸೆಯ ಬೆಣೆಯನ್ನು ಕೀಳುವಾಗ ಸಹಾಯಕನ ಕೈಯಿಂದ ಚಿಮಟವು ಮಣ್ಣಿನ ನೆಲಕ್ಕೆ ಬಿದ್ದಿತ್ತು; ಅದನ್ನು ಕಾರ್ಬಾಲಿಕ್ ದ್ರವದಲ್ಲಿ ಒಮ್ಮೆ ಅದ್ದಿ, ಮತ್ತೆ ಅದರಿಂದಲೇ ಸೀಸೆಯನ್ನು ತೆರೆದಿದ್ದರು. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿ, ಅದರಲ್ಲಿಯೂ ದನಕುದುರೆಗಳು ಓಡಾಡುವ ಹಳ್ಳಿಯ ಮಣ್ಣಿನಲ್ಲಿ, ಇರುವುದೆಂಬುದು ಅಂದಿಗೂ ತಿಳಿದ ವಿಷಯ. ಅದು ಪರೇಲಿನಲ್ಲಿಯೇ ಸೇರಿದ್ದರೆ, ಸೀಸೆಯೊಳಗೆ ವಾರಗಟ್ಟಲೆ ಬೆಳೆದು, ತೆರೆದ ಕ್ಷಣವೇ ಮೂಗು ಮುಚ್ಚಿಕೊಳ್ಳುವಂಥ ದುರ್ಗಂಧ ಹೊರಡಬೇಕಾಗಿತ್ತು. ತೆರೆದ ವೈದ್ಯನಿಗೆ ಯಾವ ವಾಸನೆಯೂ ತಿಳಿದಿರಲಿಲ್ಲ. ಈ ಎರಡು ಸಂಗತಿಗಳನ್ನು ಹಾಫ್ಕಿನರು ವಿಚಾರಣೆಯ ಕಾಗದಗಳಿಂದಲೇ ಎತ್ತಿ ತೋರಿಸಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯು ಸಾಕ್ಷ್ಯವನ್ನೆಲ್ಲ ಮರಳಿ ಪರಿಶೀಲಿಸಿ, ಪರೇಲಿನ ಮೇಲೆ ದೋಷ ಹೊರಿಸುವುದಕ್ಕೆ ಆಧಾರವಿಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ಆದರೂ ಸರಕಾರದ ಬಾಯಿಯಿಂದ ಆ ಮಾತು ಹೊರಡಲಿಲ್ಲ.

ಆ ಮೌನವನ್ನು ಮುರಿದವರಲ್ಲಿ ಅಗ್ರಗಣ್ಯರು ರೊನಾಲ್ಡ್ ರಾಸ್. ಮಲೇರಿಯಾದ ಮರ್ಮವನ್ನು ಇಂಡಿಯಾದಲ್ಲಿಯೇ ಕಂಡುಕೊಂಡು 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಅವರು, ಇತರ ಹಲವು ಸೂಕ್ಷ್ಮಜೀವಿಶಾಸ್ತ್ರಜ್ಞರೊಡನೆ ಸಹಿ ಮಾಡಿ, 1907ರ ಜುಲೈ 29ರ ಟೈಮ್ಸ್ ಪತ್ರಿಕೆಯಲ್ಲಿ ಪತ್ರವೊಂದನ್ನು ಪ್ರಕಟಿಸಿ, ಹಾಫ್ಕಿನರ ಮೇಲಣ ಆರೋಪ ಸಿದ್ಧವಾಗಿಲ್ಲವೆಂದು ಘೋಷಿಸಿದರು. ಫ್ರಾನ್ಸಿನಲ್ಲಿ ಯೆಹೂದಿ ಸೈನ್ಯಾಧಿಕಾರಿ ಡ್ರೈಫಸ್ಸನಿಗೆ ಆದ ಅನ್ಯಾಯವನ್ನು ನೆನೆದು, ಇದನ್ನು ಚಿಕ್ಕ ಡ್ರೈಫಸ್ ಪ್ರಕರಣವೆಂದು ಕರೆದವರೂ ಇದ್ದರು. ಒಬ್ಬನ ಮಾನಕ್ಕಿಂತ ದೊಡ್ಡದಾದ ವಿಷಯವೊಂದು ಇಲ್ಲಿತ್ತೆಂಬುದನ್ನು ರಾಸ್ ಚೆನ್ನಾಗಿ ಅರಿತಿದ್ದರು. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿನಿಂದ ಸಾಯುತ್ತಿದ್ದ ಕಾಲದಲ್ಲಿ, ಲಸಿಕೆಯನ್ನು ಮಾಡಿದವನೇ ಕಳಂಕಿತನೆಂದು ಸಾರಿದ ಮೇಲೆ ಲಸಿಕೆಯನ್ನು ನಂಬುವವರಾರು? ಸೂಜಿಯನ್ನು ಮೊದಲು ತನ್ನ ಮೈಗೆ ಚುಚ್ಚಿಕೊಂಡು ಹತ್ತು ವರ್ಷ ಕಷ್ಟಪಟ್ಟು ಗಳಿಸಿದ ನಂಬಿಕೆಯನ್ನು ಒಂದು ವರದಿಯು ಒಡೆದುಹಾಕಿತ್ತು. 1907ರ ಕೊನೆಗೆ ಸರಕಾರವು ಹಾಫ್ಕಿನರನ್ನು ಮರಳಿ ಕೆಲಸಕ್ಕೆ ಕರೆಯಿತು.

ಆದರೆ ಪರೇಲಿಗೆ ಅಲ್ಲ. ಅಲ್ಲಿ ಬ್ಯಾನರ್‌ಮನ್ನರು ನಿರ್ದೇಶಕರಾಗಿದ್ದರು. ಆ ಸಂಸ್ಥೆಗೆ 1906ರಲ್ಲಿ ಬಾಂಬೆ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿಯೆಂದು ಹೆಸರೂ ಬದಲಾಗಿತ್ತು. ಹಾಫ್ಕಿನರು ಇಲ್ಲದ ಆ ವರ್ಷಗಳಲ್ಲಿಯೇ ಪರೇಲಿನ ಅಂಗಳದಲ್ಲಿ ಪ್ಲೇಗಿನ ಇನ್ನೊಂದು ರಹಸ್ಯವು ಬಯಲಾಯಿತು. ಚಿಗಟವೇ ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದೆಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿಯೇ ಹೇಳಿದ್ದನು, ಯಾರೂ ಕಿವಿಗೊಟ್ಟಿರಲಿಲ್ಲ. ಗ್ಲೆನ್ ಲಿಸ್ಟನ್ ಮತ್ತು ಅವರ ಜತೆಯವರು 1905ರಿಂದ ಪರೇಲಿನಲ್ಲಿ ಚಿಕ್ಕ ಚಿಕ್ಕ ಗುಡಿಸಿಲುಗಳನ್ನೇ ಕಟ್ಟಿ ಇದನ್ನು ಪರೀಕ್ಷಿಸಿದರು. ಚಿಗಟಗಳಿರುವ ನೆಲದಿಂದ ಎರಡು ಅಂಗುಲ ಎತ್ತರದಲ್ಲಿ ತೂಗುಹಾಕಿದ ಪಂಜರದ ಗಿನಿಯಿಲಿಗೆ ಪ್ಲೇಗು ಬಂದಿತು. ಎರಡು ಅಡಿ ಎತ್ತರದ ಪಂಜರದಲ್ಲಿದ್ದುದಕ್ಕೆ ಬರಲಿಲ್ಲ. ಚಿಗಟವು ಎರಡು ಅಡಿ ಎತ್ತರಕ್ಕೆ ಹಾರಲಾರದಾದುದರಿಂದ, ಗಾಳಿಯಾಗಲಿ ನೆಲದ ಕೊಳೆಯಾಗಲಿ ರೋಗವನ್ನು ತಾರದೆಂಬುದು ಇತ್ಯರ್ಥವಾಯಿತು.

ಈ ಪ್ರಯೋಗದ ವರ್ಣನೆಯನ್ನು ಓದುವಾಗಲೆಲ್ಲ ನನಗೆ ಧಾರವಾಡದ ಹೊಲಗಳ ಗುಡಿಸಿಲುಗಳು ನೆನಪಾಗುತ್ತವೆ. ಇಲಿ ಬಿದ್ದ ಮನೆಯನ್ನು ಆ ಕ್ಷಣವೇ ಬಿಟ್ಟುಹೋಗಬೇಕೆಂದು ನಮ್ಮ ರೈತರು ಯಾವ ಶಾಸ್ತ್ರದಿಂದಲೂ ಕಲಿತವರಲ್ಲ. ಸತ್ತ ಇಲಿಯ ಮೈಯನ್ನು ಬಿಟ್ಟ ಚಿಗಟವು ಬೇರೆ ರಕ್ತವನ್ನು ಅರಸುವುದೆಂಬುದು ಅವರಿಗೆ ಗೊತ್ತಿರಲಿಲ್ಲ. ಆದರೆ ಅವರು ಮಾಡಿದುದು ಸರಿಯಾಗಿತ್ತು. ಚರಂಡಿಗೆ ಔಷಧ ಸುರಿಯುತ್ತ, ಗೋಡೆಗೆ ಸುಣ್ಣ ಬಳಿಯುತ್ತ, ಮುದುಕಿಯರ ಕಂಕುಳನ್ನು ಶೋಧಿಸುತ್ತಿದ್ದ ಅಧಿಕಾರಿಗಳ ಜ್ಞಾನಕ್ಕಿಂತ ಇವರ ಕಂಡುಂಡ ತಿಳಿವಳಿಕೆಯು ಹೆಚ್ಚು ಜೀವಗಳನ್ನು ಉಳಿಸಿತೆಂದು ಹೇಳಲು ನಾನು ಅಂಜುವುದಿಲ್ಲ. ಹೊಲದ ಗುಡಿಸಿಲೂ ಹಾಫ್ಕಿನರ ಸೂಜಿಯೂ ಕೂಡಿ ಕೆಲಸಮಾಡಿದಲ್ಲಿ ರೋಗವು ಬೇಗನೆ ತಗ್ಗಿತು.

ಕಲ್ಕತ್ತೆಯ ಪ್ರಯೋಗಾಲಯದ ನಿರ್ದೇಶಕರಾಗಿ ಮರಳಿದ ಹಾಫ್ಕಿನರಿಗೆ ಮನುಷ್ಯರ ಮೇಲೆ ಹೊಸ ಲಸಿಕೆಯನ್ನು ಪರೀಕ್ಷಿಸುವ ಅಧಿಕಾರವನ್ನು ಕೊಡಲಿಲ್ಲ. ದೋಷಮುಕ್ತನೆಂದು ಬಾಯಲ್ಲಿ ಹೇಳಿ ಕೈಯನ್ನು ಕಟ್ಟಿಹಾಕಿದಂತೆಯೇ ಇದು. ತಮ್ಮ ಐವತ್ತೈದನೆಯ ವಯಸ್ಸಿಗೆ ನಿವೃತ್ತರಾಗಿ ಅವರು ಯೂರೋಪಿಗೆ ಹಿಂದಿರುಗಿದರು. ವಿಜ್ಞಾನದ ಬರೆವಣಿಗೆಯು ಕ್ರಮೇಣ ನಿಂತು, ಯೆಹೂದಿ ಧರ್ಮದ ಆಚರಣೆಯಲ್ಲಿಯೂ ತಮ್ಮ ಜನರ ಸೇವೆಯಲ್ಲಿಯೂ ಅವರ ಮನಸ್ಸು ನೆಟ್ಟಿತು.

1925ರಲ್ಲಿ, ಆಗ ಪರೇಲಿನ ನಿರ್ದೇಶಕರಾಗಿದ್ದ ಮ್ಯಾಕಿಯವರು, ಈ ಸಂಸ್ಥೆಗೆ ಅದನ್ನು ಕಟ್ಟಿದವರ ಹೆಸರನ್ನಿಡಬೇಕೆಂದು ಸರಕಾರಕ್ಕೆ ಸೂಚಿಸಿದರು. ಅದು ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಆಯಿತು. ಸುದ್ದಿಯನ್ನು ಕೇಳಿದ ಹಾಫ್ಕಿನರು, ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು ಮುಂಬಯಿಯ ಕೆಲಸವೇ ತೆಗೆದುಕೊಂಡಿತೆಂದೂ ಸಂಸ್ಥೆಗೆ ಶುಭವಾಗಲೆಂದೂ ಕೃತಜ್ಞತೆಯಿಂದ ಬರೆದರು. ಮಲ್ಕೋವಾಲದ ಕಹಿಯು ಅಲ್ಲಿ ಕಾಣಲಿಲ್ಲ. ಮರುವರ್ಷ ನೆರೆಯಲ್ಲಿಯೇ ಕಿಂಗ್ ಎಡ್ವರ್ಡ್ ಆಸ್ಪತ್ರೆಯೂ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜೂ ತೆರೆದುವು. 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಂದಿತು. ಗವರ್ನರರು ರೋಗಕ್ಕೆ ಹೆದರಿ ಬಿಟ್ಟುಹೋದ ಪರೇಲಿಗೆ ರೋಗಿಗಳು ದೇಶದ ಮೂಲೆಮೂಲೆಯಿಂದ ವಾಸಿಯಾಗುವ ಆಸೆಯಿಂದ ಬರತೊಡಗಿದರು. ಕರ್ನಾಟಕದಿಂದ ಇಂದಿಗೂ ಬರುತ್ತಲೇ ಇದ್ದಾರೆ.

ಹಾಫ್ಕಿನರು ಅವಿವಾಹಿತರಾಗಿಯೇ ಉಳಿದು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ದೇಹವನ್ನು ಬಿಟ್ಟರು. ತಮ್ಮ ಆಸ್ತಿಯನ್ನು ಪೂರ್ವ ಯೂರೋಪಿನ ಯೆಹೂದಿ ವಿದ್ಯಾಪೀಠಗಳಿಗಾಗಿ ಬರೆದಿಟ್ಟಿದ್ದರು. ಎರಡು ವರ್ಷಗಳ ತರುವಾಯ ಸಾಹಿಬ್ ಸಿಂಗ್ ಸೋಖೆಯವರು ಪರೇಲಿನ ಸಂಸ್ಥೆಗೆ ಮೊದಲನೆಯ ಭಾರತೀಯ ನಿರ್ದೇಶಕರಾಗಿ ಬಂದು, ಹಾಫ್ಕಿನರು ಆಡಿನ ಮಾಂಸದ ಸಾರಿನಲ್ಲಿ ತುಪ್ಪ ತೇಲಿಸಿ ಬೆಳಸಿದ್ದ ಅದೇ ಲಸಿಕೆಯನ್ನು ಕೈಗೆತ್ತಿಕೊಂಡು, ಅದರ ಬಲವನ್ನು ಚುಂಡಿಲಿಗಳ ಮೇಲೆ ಅಳೆದು ನಿಷ್ಕರ್ಷಿಸುವ ಕೆಲಸವನ್ನು ಪ್ರಾರಂಭಿಸಿದರು.